ಎಣ್ಣೆ ತಿಕ್ಕಿದ ಬೆನ್ನು

೧೯೮೩ನೇ ಇಸವಿ ಏಪ್ರಿಲ್ ೧೨, ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ದಬ್ಬೇಘಟ್ಟದ ಕಡೆಯಿಂದ ಹುಚ್ಚಣ್ಣನನ್ನು ಗಾಡಿಯಲ್ಲಿ ಊರಿನ ಸಣ್ಣ ಸರ್ಕಾರಿ ಆಸ್ಪತ್ರೆಗೆ ತಂದರು. ತೆಂಗಿನ ಗರಿ ತಿನ್ನುವ ಹುಳುವಿಗೆ ಔಷಧಿ ಹೊಡೆಯುವಾಗ ಬೆನ್ನಿಗೆ ಕಟ್ಟಿದ ಡಬ್ಬ ಸೋರಿ ಅವನ ಬೆನ್ನೆಲ್ಲ ನೆನೆದಿತ್ತು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದು.

ಒಳಗೆ ಏನಾಗುತ್ತಿದೆ ಎಂಬುದು ಡಾಕ್ಟರ್ ಗಿರಿಜಾಂಬಿಕಾ ಅವರಿಗೆ ತಿಳಿದಿತ್ತು. ನರದ ತುದಿ ಒಂದು ರಾಸಾಯನಿಕವನ್ನು ಬಿಡುತ್ತದೆ. ಎದುರಿನ ಜೀವಕೋಶ ಅದನ್ನು ತನ್ನ ಗ್ರಾಹಕದಲ್ಲಿ ಹಿಡಿದು ಅಪ್ಪಣೆ ಪಾಲಿಸುತ್ತದೆ: ಗ್ರಂಥಿಯಾದರೆ ಬೆವರು, ಸ್ನಾಯುವಾದರೆ ಸೆಳೆತ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಆ ರಾಸಾಯನಿಕವನ್ನು ಒಡೆದುಹಾಕಬೇಕು. ಈ ವಿಷ ಕಟ್ಟಿಹಾಕುವುದು ಆ ಕಿಣ್ವವನ್ನೇ. ಆಮೇಲೆ ಅಪ್ಪಣೆ ನಿಲ್ಲುವುದಿಲ್ಲ; ಸ್ನಾಯು ಸೆಳೆದು ಸೆಳೆದು ಕೊನೆಗೆ ಸೋಲುತ್ತದೆ. ಇದಕ್ಕೆ ಕೊಡುವ ಅಟ್ರೊಪಿನ್ ಎಂಬ ಮದ್ದು ಗ್ರಂಥಿಗಳ ಗ್ರಾಹಕವನ್ನು ಮುಚ್ಚಬಲ್ಲದು. ಉಸಿರಾಡಿಸುವ ಸ್ನಾಯುಗಳ ಗ್ರಾಹಕ ಅದಕ್ಕೆ ಬಗ್ಗುವುದಿಲ್ಲ.

ಡಾಕ್ಟರ್ ಅಟ್ರೊಪಿನ್ ಸೂಜಿ ಚುಚ್ಚಿ, ಅವನ ಹೆಂಡತಿ ರಾಮಲಕ್ಷ್ಮಮ್ಮನಿಗೆ ಹೇಳಿದರು: "ಸೋಪು ಹಾಕಿ ಬೆನ್ನು ಚೆನ್ನಾಗಿ ತೊಳೀರಿ. ಚರ್ಮದ ಮೇಲಿರೋ ವಿಷ ಹೋಗ್ಬೇಕು." ಅಷ್ಟರಲ್ಲಿ ಹೆರಿಗೆಯೊಂದಕ್ಕೆ ಕರೆ ಬಂದು ಅವರು ಹೋದರು.

ಮಧ್ಯಾಹ್ನ ಅವರು ಮರಳಿದಾಗ ಹುಚ್ಚಣ್ಣ ಕಣ್ಣು ಬಿಟ್ಟ. "ಡಾಕ್ಟ್ರಮ್ಮ, ಬಾಯಿ ಒಣಗಿ ಕೊಬ್ರಿ ಆಗೈತೆ."

"ಈ ಬಾಯಿ ಒಣಗಿದ್ದು ಇದೇ ಮೊದ್ಲು ಕಣಮ್ಮ," ಎಂದಳು ರಾಮಲಕ್ಷ್ಮಮ್ಮ, ಅಳುತ್ತಲೇ ನಕ್ಕು.

ಮೂರು ಗಂಟೆಗೆ ಮತ್ತೆ ಬೆವರು, ಮತ್ತೆ ನೊರೆ. ಇದ್ದ ಅಟ್ರೊಪಿನ್ ಮುಗಿಯುತ್ತ ಬಂತು. ತರಲು ತಿಪಟೂರಿಗೆ ಆಳು ಹೋದ. ಎದೆಯ ಸದ್ದು ಕೇಳಲು ಅವನನ್ನು ಮಗ್ಗುಲಾಗಿಸಿದಾಗ ಡಾಕ್ಟರ ಅಂಗೈ ಜಾರಿತು.

"ತೊಳೆದಿದ್ರಾ?"

"ಮೈ ಕೆಂಡದಂಗೆ ಸುಡ್ತಿತ್ತು. ಸುಡೋ ಮೈಗೆ ನೀರು ಹುಯ್ದ್ರೆ ಜನ್ನಿ ಆಗಿ ಬುದ್ಧಿ ತಪ್ತದೆ ಅಂತ ನಮ್ಮತ್ತೆ ಬೈದ್ರು. ಒಣಬಟ್ಟೇಲಿ ಒರೆಸಿ ಕೊಬ್ರಿ ಎಣ್ಣೆ ತಿಕ್ಕಿದೆ. ತಂಪಾಗ್ಲಿ ಅಂತ."

ಎಣ್ಣೆ ಆ ವಿಷವನ್ನು ಕರಗಿಸಿ ಚರ್ಮದೊಳಕ್ಕೆ ಒಯ್ಯುತ್ತದೆ. ಮೈ ಸುಡುತ್ತಿದ್ದುದು ಬೆವರು ನಿಲ್ಲಿಸಿದ ಅಟ್ರೊಪಿನ್‌ನಿಂದ. ಹಾಗಾಗುತ್ತದೆಂದು ಗಿರಿಜಾಂಬಿಕಾ ಯಾರಿಗೂ ಹೇಳಿರಲಿಲ್ಲ.

"ತಪ್ಪಾಯ್ತೇನಮ್ಮ?"

ಗಿರಿಜಾಂಬಿಕಾ ಬಿಂದಿಗೆ ಎತ್ತಿಕೊಂಡರು. ತಾವೇ ಸೋಪು ತಿಕ್ಕಿ ತೊಳೆದರು, ಉಳಿದ ಅಟ್ರೊಪಿನ್ ಅನ್ನೆಲ್ಲ ಕೊಟ್ಟರು. ಬೆವರು ನಿಂತಿತು.

"ವಾಸಿ ಆಯ್ತು ಅನ್ನಿ," ಎಂದಳು ರಾಮಲಕ್ಷ್ಮಮ್ಮ, ಗಂಡನ ಹಣೆ ಸವರುತ್ತ.

ಉಸಿರಾಡಿಸುವ ಯಂತ್ರ ಆ ಆಸ್ಪತ್ರೆಯಲ್ಲಿರಲಿಲ್ಲ. ಗಿರಿಜಾಂಬಿಕಾ ಗಡಿಯಾರ ನೋಡುತ್ತ ಅವನ ಎದೆಯ ಮೇಲೆ ಕೈಯಿಟ್ಟರು. ನಿಮಿಷಕ್ಕೆ ಹದಿನೈದಾದರೂ ಇರಬೇಕಾದ ಉಸಿರು ನಾಲ್ಕೇ ಇತ್ತು.