ಡಬ್ಬಿಯ ಮೇಲೆ ಅಚ್ಚಾಗಿದ್ದ ಪಾಸ್‌ವರ್ಡ್

ಪ್ರತ್ಯೇಕ ತೆಲಂಗಾಣಕ್ಕಾಗಿ ದೊಡ್ಡ ಮುಷ್ಕರ ನಡೆದ ವರ್ಷ ಅದು. ಬಸ್ಸುಗಳು ಡಿಪೋ ಬಿಟ್ಟು ಹೊರಡುತ್ತಿರಲಿಲ್ಲ. ಅದೇ ವಾರ ಮನೂರಿನ ಕುರಿಗಾರರ ಸಂಘದ ಕಂಪ್ಯೂಟರ್ ಕೆಟ್ಟು ಕೂತಿತು. ಯಾವ ಹಿಂಡಿಗೆ ರೋಗ ತಡೆಯುವ ಸೂಜಿ ಹಾಕಿಸಿದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯೆಲ್ಲ ಅದರಲ್ಲೇ ಇತ್ತು.

ನಾರಾಯಣಖೇಡದ ಆಚೆ ಕುರಿಗಳಿಗೆ ಜ್ವರ ಬಂದು, ಮೂಗು ಸೋರಿ, ಭೇದಿ ಹತ್ತಿ, ಹಿಂಡಿಗೆ ಹಿಂಡೇ ಮಲಗುತ್ತಿವೆ ಎಂಬ ಸುದ್ದಿ ಬಂದಿತ್ತು. ಮುಷ್ಕರವಿದ್ದರೂ ಸೋಮವಾರ ಬರುತ್ತೇನೆಂದು ದನದ ಡಾಕ್ಟರು ಮಾತು ಕೊಟ್ಟಿದ್ದರು. ಆದರೆ ಔಷಧಿ ಕಡಿಮೆ. ಹಿಂದೆ ಸೂಜಿ ಹಾಕಿಸದ ಹಿಂಡುಗಳಿಗಷ್ಟೇ ಸಾಲುತ್ತಿತ್ತು.

ಸಂಘದ ಅಧ್ಯಕ್ಷೆ ಲಕ್ಷ್ಮಿಬಾಯಿಗೆ ಊಟ ಸೇರಲಿಲ್ಲ. ಅವಳ ಗಂಡ ಮಾಳಿಂಗಪ್ಪನ ಎಪ್ಪತ್ತು ಕುರಿಗಳಿಗೂ ಸೂಜಿ ಆಗಿರಲಿಲ್ಲ.

ಸಂಘದ ಲೆಕ್ಕ-ಪತ್ರ ನೋಡುವ ಮೌನಿಕಾ ಶಾಲೆಯಿಂದ ಎರಡು ಕಂಪ್ಯೂಟರ್ ಬೇಡಿ ತಂದಳು. ಒಂದನ್ನು ಆಫೀಸಿನಲ್ಲಿಟ್ಟಳು, ಇನ್ನೊಂದನ್ನು ಅಂಗಳದಾಚೆಯ ಔಷಧಿ ಕೋಣೆಯಲ್ಲಿ. ನಡುವೆ ಒಂದು ವಯರು ಎಳೆದಳು. ಹಿಂದೆ ಕೊಂಡಿಟ್ಟಿದ್ದ ಸಾಫ್ಟ್‌ವೇರಿನ ಡಬ್ಬಿ ಕಪಾಟಿನಲ್ಲಿತ್ತು.

"ಇದು ಸರ್ವರ್ ಸಾಫ್ಟ್‌ವೇರ್ ಅದ ಕಾಕಿ. ಪಟ್ಟಿ ಈ ಕಂಪ್ಯೂಟರ್‌ದಾಗ ಇರ್ತದ. ಆ ಕಂಪ್ಯೂಟರ್ ಕೇಳಿದ್ರ ಇದು ಕೊಡ್ತದ."

"ಹೈದರಾಬಾದಿನ ಇಂಜಿನಿಯರ್ ಬಂದ್ರೇ ಇದು ನಡೀತದಂತ ಮಾರಿದವರು ಹೇಳಿದ್ರಲ್ಲ? ಅಂವ ಹ್ಯಾಂಗ ಬರ್ತಾನ? ಬಸ್ ಎಲ್ಲ ಬಂದ್ ಅವ" ಎಂದಳು ಲಕ್ಷ್ಮಿಬಾಯಿ.

"ಹಾಕಿ ನೋಡೂಣು. ಕೆಟ್ಟದ್ದು ಇನ್ನೇನು ಕೆಡ್ತದ?"

ಮೌನಿಕಾ ಸಿಡಿ ಹಾಕಿದಳು. ಅದು ಕೇಳಿದಲ್ಲೆಲ್ಲ ‘ಸರಿ’ ಎಂದು ಒತ್ತುತ್ತ ಹೋದಳು. ಅರ್ಧ ಗಂಟೆಯೂ ಆಗಿರಲಿಲ್ಲ. ಇಬ್ಬರೂ ಅಂಗಳ ದಾಟಿ ಔಷಧಿ ಕೋಣೆಗೆ ಹೋಗಿ, ಡಬ್ಬಿಯ ಮೇಲಿದ್ದ ಪಾಸ್‌ವರ್ಡನ್ನು ಮೌನಿಕಾ ಒತ್ತಿದರೆ, ಅಲ್ಲಿನ ಪರದೆಯ ಮೇಲೆ ಖಾಲಿ ಪಟ್ಟಿಯೊಂದು ತೆರೆದುಕೊಂಡಿತು. ಮೌನಿಕಾ ಅದರಲ್ಲಿ ಮಾಳಿಂಗಪ್ಪನ ಹೆಸರು ಟೈಪ್ ಹೊಡೆದಳು. ಓಡಿಹೋಗಿ ಆಫೀಸಿನಲ್ಲಿ ನೋಡಿದರೆ, ಅಲ್ಲೂ ಮಾಳಿಂಗಪ್ಪ!

ಲಕ್ಷ್ಮಿಬಾಯಿ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ಯಾರೂ ಬರಲಿಲ್ಲ, ಯಾರೂ ಕಲಿಸಲಿಲ್ಲ. ಡಬ್ಬಿ ಒಡೆದರು, ಅದು ನಡೆಯಿತು. "ಯಾರವ್ವ ಇದನ್ನ ಮಾಡಿದ ಪುಣ್ಯಾತ್ಮರು? ನಾವು ಇಲ್ಲಿ ಹಿಂಗ ಕುಂತೀವಂತ ಅವರಿಗೆ ಹ್ಯಾಂಗ ಗೊತ್ತಾತು?" ಎಂದಳು.

ಎರಡು ದಿನ ಕುರಿಗಾರರು ಬಂದು ತಮ್ಮ ತಮ್ಮ ಸೂಜಿಯ ಚೀಟಿ ತೋರಿಸಿದರು. ಮೌನಿಕಾ ಪಟ್ಟಿ ತುಂಬಿಸಿದಳು.

ಶನಿವಾರ ಜಹೀರಾಬಾದಿನಿಂದ ಈಶಮ್ಮ ಸಿಕ್ಕ ಸಿಕ್ಕ ಆಟೋ ಹಿಡಿದು ಬಂದಳು. ಅಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವವಳು, ಮೌನಿಕಾಳಿಗೂ ಕಲಿಸಿದವಳು. ಪಟ್ಟಿ ನೋಡಿ ಬೆನ್ನು ತಟ್ಟಿದಳು. ಆಮೇಲೆ ಕೇಳಿದಳು:

"ಪಾಸ್‌ವರ್ಡ್ ಬದಲ್ ಮಾಡಿದೇನು?"

"ಇಲ್ಲಕ್ಕ. ಬರೋಬ್ಬರಿ ನಡದದ, ಯಾಕ ಮುಟ್ಟಬೇಕಂತ ಬಿಟ್ಟೀನಿ."

ಈಶಮ್ಮ ಡಬ್ಬಿ ತಿರುಗಿಸಿ ಲಕ್ಷ್ಮಿಬಾಯಿಯ ಕೈಗಿಟ್ಟಳು. ಹಿಂದೆ ದಪ್ಪ ಅಕ್ಷರದಲ್ಲಿ ಒಂದು ಪದ ಅಚ್ಚಾಗಿತ್ತು. "ನೀವು ಔಷಧಿ ಕೋಣಿಗಿ ಬರ್ರಿ ಲಕ್ಷ್ಮಿಬಾಯಿ. ಈ ಐದು ಅಕ್ಷರ ಹೆಸರಿನ ಜಾಗಾದಾಗ ಒಮ್ಮೆ ಒತ್ರಿ, ಪಾಸ್‌ವರ್ಡಿನ ಜಾಗಾದಾಗ ಒಮ್ಮೆ ಒತ್ರಿ."

"ನನಗ ಸಹಿ ಮಾಡೋದು ಬಿಟ್ರ ಏನೂ ಬರೂದಿಲ್ಲಲ್ಲವ್ವ."

"ಅದಕ್ಕೇ ನಿಮಗ ಒತ್ರಿ ಅಂತೀನಿ."

ಡಬ್ಬಿಯ ಅಕ್ಷರವನ್ನೂ ಕೀಲಿಮಣೆಯನ್ನೂ ಒಂದೊಂದಾಗಿ ಹೋಲಿಸುತ್ತ ಲಕ್ಷ್ಮಿಬಾಯಿ ಒಂದೇ ಬೆರಳಿನಿಂದ ಒತ್ತಿದಳು. ಬೆವರಿಳಿಯಿತು. ಕೊನೆಯದನ್ನು ಒತ್ತಿದ್ದೇ ತಡ, ಸಂಘದ ಇನ್ನೂರು ಮನೆಗಳ ಹಿಂಡುಗಳೆಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು.

"ಈಗ ನಿಮ್ಮ ಮನಿಯವರ ಹೆಸರಿನ ಮುಂದ ನೋಡ್ರಿ. ‘ಸೂಜಿ ಆಗಿಲ್ಲ’ ಅಂತ ಅದ. ಅಲ್ಲಿ ಒತ್ತಿದ್ರ ‘ಆಗ್ಯದ’ ಅಂತ ಆಗ್ತದ. ಸೋಮವಾರ ಡಾಕ್ಟರು ನಿಮ್ಮ ಹಿಂಡು ಬಿಟ್ಟು ಮುಂದ ಹೋಗ್ತಾರ."

ಲಕ್ಷ್ಮಿಬಾಯಿ ಕೆಂಡ ಮುಟ್ಟಿದವಳಂತೆ ಕೈ ಹಿಂದೆಳೆದಳು. ಈ ಕೋಣೆಗೆ ದಿನಕ್ಕೆ ಎಷ್ಟು ಜನ ಬಂದುಹೋಗುತ್ತಾರೆ! ಒಂದು ಬೆರಳು ತಪ್ಪಿ ತಾಗಿದರೂ ಎಪ್ಪತ್ತು ಜೀವ ಹೋದಂತೆಯೇ. ಮೊದಲ ದಿನದ ಬೆರಗು ಈಗ ಭಯವಾಯಿತು.

"ಹಂಗಾರ ಇದನ್ನ ಮಾಡಿದವರು ಮುಚ್ಚೇ ಕಳಿಸಬೇಕಿತ್ತು!" ಎಂದು ಸಿಟ್ಟಾದಳು.

"ಪೂರಾ ಮುಚ್ಚಿ ಕಳಿಸಿದ್ರ ನನ್ನ ಕೈಲೆ ತೆರೆಯಾಕ ಆಗ್ತಿದ್ದಿಲ್ಲ ಕಾಕಿ" ಎಂದಳು ಮೌನಿಕಾ. "ನೂರಾ ಎಂಟು ಸೆಟ್ಟಿಂಗ್ ನಾನೇ ಬರೀಬೇಕಿತ್ತು. ಸೋಮವಾರಕ್ಕ ಪಟ್ಟೀನೇ ಇರ್ತಿದ್ದಿಲ್ಲ."

ಈಶಮ್ಮ ನಕ್ಕಳು. "ಇಬ್ಬರದೂ ಖರೇ ಅದ. ಬಂದ ಕೂಡ್ಲೇ ನಡೀಬೇಕು, ಇಲ್ಲಂದ್ರ ನಮ್ಮಂಥವರು ಏನು ಮಾಡೂಣು? ಆದ್ರ ಮೊದಲು ಹಾಕಿದ ಕಂಪ್ಯೂಟರ್‌ದಾಗ ಮಾತ್ರ ನಡೀಬೇಕು. ಬ್ಯಾರೆ ಕಡೆ ತೆರೀಬೇಕೋ ಬ್ಯಾಡೋ ಅಂತ ನಾವು ಹೇಳಬೇಕು. ಮತ್ತ ಹೊಸ ಪಾಸ್‌ವರ್ಡ್ ಕೇಳದೆ ಶುರುನೇ ಆಗಬಾರದು."

ಅಂದೇ ಪಾಸ್‌ವರ್ಡ್ ಬದಲಾಯಿತು. ಮೌನಿಕಾ ಹೊಡೆಯುವಾಗ ಈಶಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಳು. "ಕಲಿಸಿದ ಗುರುವೇ ನೋಡಬಾರದೇನು?" ಎಂದು ಲಕ್ಷ್ಮಿಬಾಯಿ ಕೇಳಿದರೆ, "ನೀವೂ ನೋಡಬ್ಯಾಡ್ರಿ, ಈ ಕಡಿ ತಿರುಗ್ರಿ" ಎಂದಳು. ಔಷಧಿ ಕೋಣೆಯವರು ಪಟ್ಟಿಯನ್ನು ನೋಡಬಹುದು, ತಿದ್ದುವಂತಿಲ್ಲ ಎಂದೂ ಮಾಡಿದರು.

ಸೋಮವಾರ ಡಾಕ್ಟರು ಬಂದರು. ಪಟ್ಟಿಯಲ್ಲಿದ್ದಂತೆ ಒಂದು ಹಿಂಡೂ ತಪ್ಪದೆ ಸೂಜಿ ಬಿತ್ತು. ಮುಂದಿನ ತಿಂಗಳು ಪಕ್ಕದ ಹಳ್ಳಿಗಳವರೆಗೂ ಬೇನೆ ಬಂತು. ಮಾಳಿಂಗಪ್ಪನ ಎಪ್ಪತ್ತೂ ಮೇಯುತ್ತಲೇ ಇದ್ದವು.

ಸಾಫ್ಟ್‌ವೇರ್ ಮಾಡಿದವರಿಗೆ ಮೌನಿಕಾ ಎಲ್ಲವನ್ನೂ ಬರೆದು ಕಳಿಸಿದಳು. ಕೆಳಗೆ ಲಕ್ಷ್ಮಿಬಾಯಿಯ ಸಹಿ. ಮರುವರ್ಷ ಹೊಸ ಡಬ್ಬಿ ಬಂತು. ಅದರ ಹಿಂದೆ ಯಾವ ಪದವೂ ಇರಲಿಲ್ಲ. ಸಿಡಿ ಹಾಕಿದೊಡನೆ ಪರದೆ ಮೊದಲು ಕೇಳಿದ್ದು ಒಂದೇ: ನಿಮ್ಮದೇ ಪಾಸ್‌ವರ್ಡ್ ಕೊಡಿ. ಮಿಕ್ಕದ್ದೆಲ್ಲ ಹಿಂದಿನಂತೆ ತಾನಾಗಿಯೇ ನಡೆಯಿತು. ಮೌನಿಕಾ ಅದನ್ನು ಓದಿ ಹೇಳಿದಾಗ ಲಕ್ಷ್ಮಿಬಾಯಿ ಡಬ್ಬಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ನಮ್ಮ ಮಾತು ಅಲ್ಲೀ ತನಕ ಹೋತೇನು!" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಇವತ್ತೇ ಹೋಗಿ ನೋಡಿ. ತಾನಾಗಿ ನಡೆಯುತ್ತಿದೆ ಎಂದು ಸುಮ್ಮನಾಗಬೇಡಿ. ಅದರ ಜೊತೆ ಬಂದ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಈ ಹಾಳೆಯನ್ನು ಕೆಳಗಿಟ್ಟು, ಮೊದಲು ಅದನ್ನು ಬದಲಿಸಿ.