ಎಡಕ್ಕೆ ಬಿದ್ದ ಗಂಟು

ಊರ ಬಟ್ಟೆ ಗಿರಣಿಯ ಹಳೇ ಮುಷ್ಕರದ ಕತೆ ತೆಗೆಯಲು ಬಂದ ಸಿನಿಮಾದವರು ಮುದುಕನನ್ನು ಕರೆಸಿಕೊಂಡಿದ್ದು ಹೀರೋಗೆ ಗಂಟು ಹಾಕುವುದನ್ನು ಕಲಿಸಲು. ಮಗ್ಗದಲ್ಲಿ ಎಳೆ ಹರಿದರೆ ಬೆರಳ ತುದಿಯಲ್ಲೇ ಚಕ್ಕನೆ ಕಟ್ಟುವ ನೇಕಾರರ ಗಂಟು. ಮುದುಕ ಎಡಗೈಯವನು, ಗಿರಣಿಯಲ್ಲಿ ಅವನ ಹೆಸರೇ ಎಡಚ. ಎಲ್ಲರ ಗಂಟಿನ ಬಾಲ ಬಲಕ್ಕೆ ಬಿದ್ದರೆ ಅವನದು ಎಡಕ್ಕೆ. "ನಿಮ್ಮ ಎಡಗೈ ಗಂಟೇ ಬೇಕು" ಎಂದು ಸಿನಿಮಾದವರು ಪಟ್ಟು ಹಿಡಿದಾಗ ಎಡಚ ಊರೆಲ್ಲ ಜಂಬ ಕೊಚ್ಚಿಕೊಂಡಿದ್ದ.

ಇವತ್ತು ಮೊದಲ ಆಟ. ಥಿಯೇಟರಿನ ತುಂಬ ಪಡ್ಡೆ ಹುಡುಗರು. ಆ ಮುಷ್ಕರ ಕಂಡವರೆಂದು ಉಳಿದಿದ್ದವರು ಮೂರೇ ಜನ: ಎಡಚ, ಅಂದು ಬಟ್ಟೆ ತಪಾಸಣೆಯ ಮೇಜಿನಲ್ಲಿದ್ದ ಅವನ ಹೆಂಡತಿ, ಮತ್ತು ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತ, ಅಂದು ಮಗ್ಗಗಳ ರಿಪೇರಿ ನೋಡುತ್ತಿದ್ದ ಫಿಟ್ಟರ್. ಅವನನ್ನು ಕಂಡದ್ದೇ ತಡ, ಎಡಚನ ಜಂಬ ಜರ್ರನೆ ಇಳಿಯಿತು.

ನಲವತ್ತು ವರ್ಷಗಳ ಹಿಂದೆ, ಮುಷ್ಕರದ ಮೂರನೇ ವಾರ, ಮುಚ್ಚಿದ ಗಿರಣಿಯೊಳಗೆ ಒಂದು ಮಗ್ಗ ಓಡಿದ ಸದ್ದು ಕೇಳಿಸಿತ್ತು. ಬೀಗದ ಕೈ ಇದ್ದದ್ದು ಫಿಟ್ಟರನ ಬಳಿ. ಸರಿ, ದ್ರೋಹಿ ಅವನೇ ಎಂದಾಯಿತು. ಇಲ್ಲ ಇಲ್ಲ ಎಂದರೂ ಕೇಳುವವರಾರು? ಗೇಟಿನ ಮುಂದೆ ಹಿಗ್ಗಾಮುಗ್ಗಾ ಬಾರಿಸಿ ಕಾಲು ಮುರಿದರು. ಮೊದಲ ಏಟು ಎಡಚನದು. ಮಗ್ಗ ಓಡಿಸಿದವನೂ ಅವನೇ! ಕೆಲಸವಿಲ್ಲದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಇದೇ ಹೆಂಡತಿಯ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಕೆಲಸ ಉಳಿಸಿಕೊಡುತ್ತೇನೆಂದು ಮೇಲ್ವಿಚಾರಕ ಅವನಿಗೆ ಹಿಂಬಾಗಿಲು ತೆರೆದಿದ್ದ. ಈ ಗುಟ್ಟು ತನ್ನ ಜೊತೆಗೇ ಮಣ್ಣಾಗುತ್ತದೆ ಎಂದುಕೊಂಡಿದ್ದ ಎಡಚ.

ತೆರೆಯ ಮೇಲೆ ಮುಷ್ಕರ ಮುಗಿದು ಹೀರೋಯಿನ್ ತಪಾಸಣೆಯ ಮೇಜಿಗೆ ಮರಳಿದಳು. ಕದ್ದು ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿ ಥಟ್ಟನೆ ನಿಂತಳು. ಗಂಟುಗಳೆಲ್ಲ ಎಡಕ್ಕೆ. ಕತ್ತರಿ ತೆಗೆದು, ಬಿಕ್ಕುತ್ತಾ, ಯಾರಿಗೂ ಗುರುತು ಸಿಗದಂತೆ ಒಂದೊಂದರ ಬಾಲವನ್ನೂ ಕತ್ತರಿಸಿ ಹಾಕಿದಳು.

ಎಡಚ ಹೆಂಡತಿಯತ್ತ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಮೊದಲಿಂದಲೂ," ಎಂದಳು ಹೆಂಡತಿ, ತೆರೆಯಿಂದ ಕಣ್ಣು ಕೀಳದೆ.

ಮರುಗಳಿಗೆ ಹೀರೋ ಗೇಟಿನ ಮುಂದೆ ಎಲ್ಲರೆದುರು ತಪ್ಪೊಪ್ಪಿಕೊಂಡು ಸಿನಿಮಾದ ಫಿಟ್ಟರನ ಕಾಲಿಗೆ ಬಿದ್ದ. ಚಪ್ಪಾಳೆಯೋ ಚಪ್ಪಾಳೆ. ಎಡಚನಿಗೆ ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಾಯಿತು.

"ಇದನ್ನೂ ನೀನೇ ಹೇಳಿದ್ಯಾ?"

"ಗಂಟಿನವರೆಗೆ ಸಿನಿಮಾದವರಿಗೆ ನಾನೇ ಹೇಳ್ದೆ. ಆಮೇಲೆ ಹುಡುಗ ಒಪ್ಕೊಂಡ್ನಾ ಅಂತ ಕೇಳಿದ್ರು. ಇಲ್ಲ ಅನ್ನೋಕೆ ನಾಚಿಕೆ ಆಯ್ತು. ಹೂಂ ಅಂದ್ಬಿಟ್ಟೆ."

ಆಟ ಮುಗಿದು ದೀಪಗಳು ಹೊತ್ತಿದವು. ಎಡಚ ಎದ್ದು ಮುಂದಿನ ಸಾಲಿಗೆ ಹೋದ. ಹೆಂಡತಿ ತಡೆಯಲಿಲ್ಲ. ಅವನು ಬಗ್ಗಿ, ಇನ್ನೊಬ್ಬರಿಗೆ ಕೇಳಿಸದಂತೆ ಪಿಸುಗುಟ್ಟಿದ: "ಅವತ್ತು ಮಗ್ಗ ಓಡಿಸಿದ್ದು ನಾನು ಕಣೋ."

ಫಿಟ್ಟರ್ ಕಿವಿಗೆ ಕೈ ಆನಿಸಿಕೊಂಡ. "ಜೋರಾಗಿ ಹೇಳಪ್ಪ. ಮಗ್ಗದ ಸದ್ದು ನನ್ನ ಕಿವಿ ತಿಂದು ಎಷ್ಟೋ ವರ್ಷ ಆಯ್ತು. ಸಿನಿಮಾದಲ್ಲಿ ಆ ಹುಡುಗ ಯಾಕೆ ಕಾಲಿಗೆ ಬಿದ್ದ ಅಂತಾನೂ ತಿಳೀಲಿಲ್ಲ."

ಹೊರಗೆ ಹೊರಟಿದ್ದ ಹುಡುಗರು ನಿಂತು ತಿರುಗಿ ನೋಡಿದರು. ಎಡಚ ಒಮ್ಮೆ ಬಾಗಿಲನ್ನು, ಒಮ್ಮೆ ಊರುಗೋಲನ್ನು ನೋಡಿದ. ಆಮೇಲೆ ಗಂಟಲು ಹರಿಯುವಂತೆ ಕೂಗಿದ:

"ಮಗ್ಗ ಓಡಿಸಿದ್ದೂ ನಾನೇ! ಮೊದಲ ಏಟು ಹಾಕಿದ್ದೂ ನಾನೇ!"