ಇನ್ನೂರು ಜನರ ಬೆರಳಚ್ಚು

ಶುಕ್ರವಾರ ನನಗೆ ಸನ್ಮಾನ. ಮೂವತ್ತೊಂದು ವರ್ಷದ ಹಿಂದಿನ ನನ್ನ ಪ್ರಬಂಧಕ್ಕೆ, ಅಂದರೆ ಬೆರಳಚ್ಚಿನಿಂದ ಮನುಷ್ಯರನ್ನು ಗುರುತಿಸುವ ನನ್ನ ಲೆಕ್ಕಾಚಾರಕ್ಕೆ. ಪ್ರದರ್ಶನಕ್ಕಿಡಲು, ಆಗ ಬೆರಳಚ್ಚು ಒತ್ತಿಸಿಕೊಂಡಿದ್ದ ಹಳೇ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ನನ್ನ ಸಂಶೋಧನಾ ವಿದ್ಯಾರ್ಥಿನಿ ಸೋಮವಾರ ಎರಡು ಕಾರ್ಡು ತಂದು ಮೇಜಿನ ಮೇಲಿಟ್ಟಳು. ವಿಭಾಗದಲ್ಲಿ ಎಲ್ಲರೂ ಅವಳನ್ನು ‘ಜಿಗಣೆ’ ಎನ್ನುತ್ತಾರೆ. ಹಿಡಿದರೆ ಬಿಡುವವಳಲ್ಲ.

“ಸರ್, ಕಾರ್ಡ್ ನಂಬರ್ ಅರವತ್ಮೂರು, ನೂರಾ ಹದಿನೆಂಟು. ಹತ್ತೂ ಬೆರಳು ಒಂದೇ. ಮಸಿ ಹರಡಿರೋ ಕಾರ್ಡುಗಳನ್ನ ಇನ್ನೂ ಹಾಕಿಲ್ಲ.”

“ನಿನ್ನ ಸಾಫ್ಟ್‌ವೇರ್ ತಪ್ಪು ಹೇಳ್ತಿದೆ.”

“ಕಣ್ಣಲ್ಲೇ ನೋಡಿ ಸರ್.”

ಭೂತಗನ್ನಡಿ ಹಿಡಿದೆ. ಬಲ ಹೆಬ್ಬೆರಳಿನಲ್ಲೊಂದು ಸುಳಿ, ಅದರ ಎಡಕ್ಕೆ ಅಡ್ಡ ಗೀರು. ಎರಡರಲ್ಲೂ ಅದೇ. ಆದರೆ ಒಂದರ ಮೇಲೆ ‘ದರ್ಜಿ, ಹೆಂಗಸು, ಮೂವತ್ತನಾಲ್ಕು’ ಎಂದಿತ್ತು, ಇನ್ನೊಂದರ ಮೇಲೆ ‘ನರ್ಸ್, ಇಪ್ಪತ್ತೊಂಬತ್ತು’.

ತಲೆಯೆಲ್ಲ ಕಲಸುಮೇಲೋಗರವಾಯಿತು. ಇಬ್ಬರಿಗೆ ಒಂದೇ ಬೆರಳಚ್ಚು ಇದ್ದರೆ ನಮ್ಮ ಶಾಸ್ತ್ರವೇ ಮುಳುಗಿತು. ಒಬ್ಬಳೇ ಎರಡು ಸಲ ಬಂದಿದ್ದರೆ ಮುಳುಗುವವನು ನಾನು, ಯಾಕೆಂದರೆ ನನ್ನ ಲೆಕ್ಕಾಚಾರ ಅವಳನ್ನು ಹಿಡಿಯಬೇಕಿತ್ತು. ಹಿಡಿದಿರಲಿಲ್ಲ. ‘ಇನ್ನೂರು ಜನ, ಒಬ್ಬರು ಇನ್ನೊಬ್ಬರಲ್ಲ’ ಎಂದು ಎದೆತಟ್ಟಿಕೊಂಡು ಬರೆದಿದ್ದೆ. ಯಾವ ಎರಡು ಕಾರ್ಡು ಕೊಟ್ಟರೂ ‘ಇವರು ಅವರಲ್ಲ’ ಎಂದು ತಲೆಯಾಡಿಸುವುದಕ್ಕೆ ಪ್ರೊಫೆಸರ್ ಯಾಕೆ ಬೇಕು?

ಆಗ ನನಗೆ ನಿಷ್ಪಕ್ಷಪಾತದ ಹುಚ್ಚು. ಮುಖ ಕಂಡರೆ ಬೆರಳು ಒತ್ತುವುದರಲ್ಲೂ ಭೇದ ಬಂದೀತೆಂದು ಮಧ್ಯೆ ಪರದೆ ಕಟ್ಟಿ, ಅದರಲ್ಲೊಂದು ತೂತು ಮಾಡಿದ್ದೆ. ಬಂದವರು ಮಾತಾಡಕೂಡದು. ತೂತಿನಿಂದ ಕೈ ಬರುತ್ತಿತ್ತು. ಒಂದೊಂದೇ ಬೆರಳಿಗೆ ಮಸಿ ಹಚ್ಚಿ, ಒತ್ತಿ, “ಮುಂದಿನವರು” ಎನ್ನುತ್ತಿದ್ದೆ. ಹೊರಗೆ ಕೂತು ವಯಸ್ಸು, ಕಸುಬು ಬರೆದು ಒಳಗೆ ಬಿಡುತ್ತಿದ್ದವಳು ನನ್ನ ಹೆಂಡತಿ. ಮದುವೆಯಾಗಿ ಎಂಟು ತಿಂಗಳಾಗಿತ್ತು.

ಮನೆಗೆ ಬಂದಾಗ ಅವಳು ಶುಕ್ರವಾರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

“ನಮ್ಮ ಕಾರ್ಡಲ್ಲಿ ಒಬ್ಬಳು ದರ್ಜಿ ಇದ್ದಳಲ್ಲ, ಯಾರವಳು?” ಎಂದೆ.

“ಎಲ್ಲಿಯ ದರ್ಜಿ? ಅದು ನಾನೇ.”

“ನರ್ಸು?”

“ಅದೂ ನಾನೇ.”

ಕುರ್ಚಿ ಎಲ್ಲಿದೆ ಎಂದು ಹುಡುಕಿ ಕೂತೆ.

“ಒಂದಿನ ಒಬ್ಬಳು ಬರಲೇ ಇಲ್ಲ. ನೀವೋ ಮೈಮೇಲೆ ಬಂದವರ ಹಾಗೆ ಆಡ್ತಿದ್ರಿ. ಹೋಗ್ಲಿ ಅಂತ ನಾನೇ ಕೈ ತೂರಿಸಿದೆ.”

“ಸರಿ, ಅದು ಒಂದು. ಎರಡನೇದು ಯಾಕೆ?”

“ಎರಡಲ್ಲ, ಆರು.” ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. “ಆಮೇಲಿನ ಐದಕ್ಕೆ ಬಂದವರನ್ನೇ ವಾಪಸ್ ಕಳಿಸಿದೆ. ನನ್ನ ಕೈ ಅಂತ ನಿಮಗೆ ಗೊತ್ತಾಗುತ್ತಾ ನೋಡೋಣ ಅಂತ. ಒಂದ್ಸಲ ನಿಮ್ಮ ಬೆರಳು ಗಟ್ಟಿಯಾಗಿ ಹಿಡ್ಕೊಂಡೆ. ‘ಸಡಿಲ ಬಿಡಿ ಅಮ್ಮಾ’ ಅಂದ್ರಿ.”

“ಹೇಳೋದಲ್ವಾ!”

“ಹೇಳಿದ್ರೆ ಪರೀಕ್ಷೆ ಹೇಗಾಗುತ್ತೆ? ಆಮೇಲೆ ಪ್ರಬಂಧ ಅಚ್ಚಾಯ್ತು, ನೀವು ಹಿಗ್ಗಿಹೋಗಿದ್ರಿ. ನನಗೂ ಬೇಜಾರಾಗಿತ್ತು, ಸುಮ್ಮನಾದೆ.”

ಕೋಪ ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅವಳ ಮೇಲೆಯೇ? ಅವಳು ನನ್ನ ಪ್ರಯೋಗ ಕೆಡಿಸಿದಳೋ, ಅಥವಾ ನನ್ನ ಪ್ರಯೋಗಕ್ಕೆ ಬೇಕಾಗಿದ್ದ ಒಂದೇ ಪರೀಕ್ಷೆಯನ್ನು ಮಾಡಿದವಳು ಅವಳೊಬ್ಬಳೋ? ಕಾರ್ಡು ಅದಲುಬದಲಾಗಿದೆ ಎಂದುಬಿಟ್ಟರೆ ಜಿಗಣೆ ನಂಬಲಿಕ್ಕಿಲ್ಲ, ಉಳಿದವರು ನಂಬುತ್ತಾರೆ. ಸನ್ಮಾನದ ಫಲಕ ಕೈಗೆ ಬರುತ್ತದೆ. ಹೆಂಡತಿ ಅಂಗಿಯ ಕಾಲರು ಮಡಿಸುತ್ತ ನನ್ನತ್ತ ನೋಡಿದಳು. ನಾಚಿಕೆಯಾಯಿತು, ಒಪ್ಪಿಕೊಳ್ಳುತ್ತೇನೆ. ಜಿಗಣೆಗೆ ಫೋನ್ ಮಾಡಿದೆ.

“ಮಸಿ ಹರಡಿದ ಕಾರ್ಡು ನೋಡಮ್ಮ. ಇನ್ನೂ ನಾಲ್ಕು ಸಿಗ್ತವೆ. ಶುಕ್ರವಾರ ಆರನ್ನೂ ನಾನೇ ವೇದಿಕೆ ಮೇಲೆ ತೋರಿಸ್ತೀನಿ.”

“ಯಾರವು ಸರ್?”

“ನನ್ನ ಹೆಂಡತಿಯವು.”

ಜಿಗಣೆ ಮೆಲ್ಲಗೆ ಕೇಳಿದಳು, “ಬೆರಳು ಹಿಡಿದು ಒತ್ತಿಸಿದ್ದು ಯಾರು ಸರ್?”

“ನಾನೇ,” ಎಂದೆ. “ಆರು ಸಲ.”